ನಾನು ಹಾಕಿದ ಕೆಂಪು ಟಿಕ್ಕು

ಕೈಗೆ ಮೂರು ಪೆನ್ನು ಕೊಟ್ಟಿದ್ದರು. ಹಸಿರು, ನೀಲಿ, ಕೆಂಪು. ಹಸಿರು ಅಂದ್ರೆ ನಮ್ಮವರು. ಕೆಂಪು ಅಂದ್ರೆ ಅವರ ಕಡೆಯವರು. ನೀಲಿ ಅಂದ್ರೆ ಇನ್ನೂ ಡೌಟು. ‘ಡೌಟಿಗೆ ಹಳದಿ ಹಾಕ್ಬೇಕಿತ್ತು, ಹಳದಿ ಪೆನ್ನಲ್ಲಿ ಬರೆದ್ರೆ ಕಾಣಲ್ಲ ಕಣೋ, ಅದಕ್ಕೆ ನೀಲಿ’ ಎಂದರು ನಮ್ಮ ವಾರ್ಡಿನ ಅಣ್ಣ. ಜೊತೆಗೆ ಒಂದು ದಪ್ಪ ರಟ್ಟಿನ ಪುಸ್ತಕ. ಅದರಲ್ಲಿ ನಮ್ಮ ಬೂತಿನ ಮತದಾರರ ಪಟ್ಟಿಯ ಜೆರಾಕ್ಸ್ ಅಂಟಿಸಿತ್ತು. ಒಂಬೈನೂರು ಚಿಲ್ಲರೆ ಹೆಸರು. ನನ್ನ ಹೆಸರೂ ಅದರಲ್ಲಿತ್ತು. ಮೊದಲ ಸಲ ನನ್ನ ಹೆಸರನ್ನು ಮತದಾರರ ಪಟ್ಟಿಯಲ್ಲಿ ನೋಡಿದ್ದು ಹಾಗೆ, ಒಂದು ಪಕ್ಷದ ಆಫೀಸಿನಲ್ಲಿ.

ಇದು 2023ರ ವಿಧಾನಸಭಾ ಚುನಾವಣೆಯ ಕಥೆ. ನಾನಾಗ ಬಿ.ಕಾಂ. ಎರಡನೇ ವರ್ಷ. ಮಲೆನಾಡಿನ ಅಂಚಿನಲ್ಲಿರುವ ಸಣ್ಣ ತಾಲ್ಲೂಕು ಕೇಂದ್ರ ನಮ್ಮದು. ಅಪ್ಪ ಗೂಡ್ಸ್ ಆಟೊ ಓಡಿಸುತ್ತಾರೆ. ಮುಂದಿನ ಸೆಮಿಸ್ಟರ್ ಫೀಸಿಗೆ ಏನು ಮಾಡೋದು ಅಂತ ಮನೆಯಲ್ಲಿ ಲೆಕ್ಕಾಚಾರ ನಡೆಯುತ್ತಿದ್ದಾಗಲೇ ಗೆಳೆಯನೊಬ್ಬ ಬಂದು, ‘ದಿನಕ್ಕೆ ಆರ್ನೂರು, ತಿಂಡಿ, ಊಟ. ಬರ್ತೀಯಾ?’ ಅಂದ. ಯಾವ ಪಕ್ಷ ಅಂತ ನಾನು ಕೇಳಲೂ ಇಲ್ಲ. ಈಗಲೂ ಹೇಳುವುದಿಲ್ಲ. ಯಾಕೆಂದರೆ ನಾನು ಕಂಡದ್ದು ಒಂದು ಪಕ್ಷದ ಕಥೆಯಲ್ಲ. ರಸ್ತೆಯ ಆ ಬದಿಯ ಆಫೀಸಿನಲ್ಲಿದ್ದ ನನ್ನ ಕ್ಲಾಸ್‌ಮೇಟ್ ಕೈಯಲ್ಲೂ ಇಂಥದ್ದೇ ಪುಸ್ತಕ ಇತ್ತು.

ಮಾರ್ಚ್ 29ರಂದು ಚುನಾವಣೆ ಘೋಷಣೆಯಾಗಿತ್ತು. ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ನಾನು ಸೇರಿಕೊಂಡಿದ್ದು ಏಪ್ರಿಲ್ ಕೊನೆಯ ವಾರ, ನಾಮಪತ್ರ ವಾಪಸಾತಿ ಮುಗಿದ ಮೇಲೆ. ‘ಈಗ ಶುರು ನೋಡು ನಿಜವಾದ ಎಲೆಕ್ಷನ್’ ಎಂದರು ಅಣ್ಣ.

ಬೆಳಿಗ್ಗೆ ಆರೂವರೆಗೆ ಆಫೀಸಿನ ಹಿಂದೆ ಚಿತ್ರಾನ್ನ, ಇಡ್ಲಿ. ಅಲ್ಲೇ ಒಬ್ಬರು ಕೂತು ಎಷ್ಟು ಜನ ತಿಂದರು ಅಂತ ಬರೆಯುತ್ತಿದ್ದರು. ನಾನು ಅದನ್ನು ಜಿಪುಣತನ ಅಂದುಕೊಂಡಿದ್ದೆ. ಕಾಮರ್ಸ್ ಓದುವ ಹುಡುಗನಿಗೆ ಆಮೇಲೆ ಅದರಲ್ಲೇ ಹೆಚ್ಚು ಆಸಕ್ತಿ ಬಂತು. ವಿಧಾನಸಭೆಗೆ ನಿಲ್ಲುವ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ 40 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಹಾಗಿಲ್ಲ. ಅದಕ್ಕೆ ಬೇರೆಯೇ ಬ್ಯಾಂಕ್ ಖಾತೆ ತೆರೆಯಬೇಕು. ಒಂದು ಟೀಗೆ ಎಷ್ಟು, ಒಂದು ಊಟಕ್ಕೆ ಎಷ್ಟು, ಪ್ಲಾಸ್ಟಿಕ್ ಕುರ್ಚಿ ಬಾಡಿಗೆ ಎಷ್ಟು ಅಂತ ಜಿಲ್ಲಾ ಚುನಾವಣಾಧಿಕಾರಿಗಳೇ ದರಪಟ್ಟಿ ಮಾಡಿರುತ್ತಾರೆ. ವೆಚ್ಚ ವೀಕ್ಷಕರು ಆ ಲೆಕ್ಕ ಹಿಡಿದು ಪರಿಶೀಲಿಸುತ್ತಾರೆ. ಹಾಗಾಗಿ ಪುಸ್ತಕದಲ್ಲಿ ನಾವು ನಲವತ್ತು ಜನ ಇಡ್ಲಿ ತಿಂದಿದ್ದೆವು. ಹಿಂದೆ ಸಾಲಿನಲ್ಲಿ ನಿಂತಿದ್ದವರು ನೂರೈವತ್ತು ಜನ.

ಇನ್ನೊಂದು ತಮಾಷೆ ಇದೆ. ಅಭ್ಯರ್ಥಿಗೆ ಮಿತಿ ಇದೆ, ಪಕ್ಷಕ್ಕಿಲ್ಲ. ಪಕ್ಷ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಮಾನ್ಯತೆ ಪಡೆದ ಪಕ್ಷವೊಂದು ನಲವತ್ತು ಜನ ತಾರಾ ಪ್ರಚಾರಕರ ಪಟ್ಟಿ ಕೊಡಬಹುದು. ಅವರು ಹೆಲಿಕಾಪ್ಟರ್‌ನಲ್ಲಿ ಬಂದು ಪಕ್ಷದ ಪರ ಮಾತಾಡಿ ಹೋದರೆ ಆ ಪ್ರಯಾಣದ ಖರ್ಚು ಅಭ್ಯರ್ಥಿಯ ತಲೆಗೆ ಬರುವುದಿಲ್ಲ. ನಮ್ಮ ಇಡ್ಲಿಯ ಲೆಕ್ಕ ಬರುತ್ತದೆ.

ತಿಂಡಿ ಮುಗಿದ ಮೇಲೆ ಪಾದಯಾತ್ರೆ. ಮುಂದೆ ತಮಟೆ, ಅದರ ಹಿಂದೆ ಬಾವುಟ ಹಿಡಿದ ಹೆಂಗಸರು, ಮಧ್ಯೆ ಅಭ್ಯರ್ಥಿ, ಸುತ್ತ ಮೊಬೈಲು ಹಿಡಿದ ನಾವು. ವಯಸ್ಸಾದವರು ಕಂಡರೆ ಕಾಲಿಗೆ ಬೀಳುವುದು, ಮಗು ಕಂಡರೆ ಎತ್ತಿಕೊಳ್ಳುವುದು, ಹೋಟೆಲ್ ಕಂಡರೆ ಒಳಗೆ ಹೋಗಿ ದೋಸೆ ಹುಯ್ಯುವುದು. ನಮ್ಮ ಅಭ್ಯರ್ಥಿ ಹುಯ್ದ ದೋಸೆ ಕಾವಲಿಯಿಂದ ಏಳಲೇ ಇಲ್ಲ. ವಿಡಿಯೊದಲ್ಲಿ ಮಾತ್ರ ಎದ್ದಿತು. ಆ ವರ್ಷ ಸೇಬಿನ ಹಾರದ ಹುಚ್ಚು. ಕ್ರೇನಿಗೆ ನೇತುಹಾಕಿದ ಹಾರದ ಕೆಳಗೆ ನಾಯಕರು ಬಂದು ನಿಂತು ಫೋಟೊ ಆಗುತ್ತಿದ್ದ ಹಾಗೆ ಜನ ಮುಗಿಬಿದ್ದು ಸೇಬು ಕಿತ್ತುಕೊಳ್ಳುತ್ತಿದ್ದರು. ನಾನೂ ಎರಡು ಕಿತ್ತು ತಂಗಿಗೆ ತಂದುಕೊಟ್ಟಿದ್ದೇನೆ. ಬೈಕ್ ರ್‍ಯಾಲಿ ಇದ್ದ ದಿನ ಪೆಟ್ರೋಲ್ ಟೋಕನ್. ಬೈಕಿಲ್ಲದ ಗೆಳೆಯನೊಬ್ಬ ಟೋಕನ್ ಇಸಿದುಕೊಂಡು ಬಾಟಲಿಯಲ್ಲಿ ಪೆಟ್ರೋಲ್ ಹಾಕಿಸಿ ಮಾವನಿಗೆ ಮಾರಿದ.

ಆದರೆ ಎಲ್ಲವೂ ನಾಟಕ ಅಂತ ಹೇಳಿದರೆ ತಪ್ಪಾಗುತ್ತದೆ. ಮನೆಮನೆಗೆ ಹೋದಾಗ ಜನ ಕೇಳುತ್ತಿದ್ದ ಪ್ರಶ್ನೆಗಳು ಯಾವ ಟಿ.ವಿ. ಚರ್ಚೆಗೂ ಕಡಿಮೆ ಇರಲಿಲ್ಲ. ಆ ಚುನಾವಣೆಯಲ್ಲಿ ಕಾಂಗ್ರೆಸ್ ಐದು ಗ್ಯಾರಂಟಿಗಳ ಕಾರ್ಡು ಹಂಚಿತ್ತು. ಬಿಜೆಪಿ ಪ್ರಣಾಳಿಕೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಇತ್ತು. ಜೆಡಿಎಸ್ ಪಂಚರತ್ನ ಅನ್ನುತ್ತಿತ್ತು. ನಮ್ಮ ಬೀದಿಯ ಹೆಂಗಸರು ಮೂರನ್ನೂ ಪಕ್ಕದಲ್ಲಿಟ್ಟುಕೊಂಡು ತೂಗುತ್ತಿದ್ದರು. ‘ಎರಡು ಸಾವಿರ ಅತ್ತೆಗೋ ಸೊಸೆಗೋ?’ ‘ಬಾಡಿಗೆ ಮನೆಯವರಿಗೂ ಕರೆಂಟ್ ಫ್ರೀನಾ?’ ‘ಸಿಲಿಂಡರು ಯಾವ ಹಬ್ಬಕ್ಕೆ ಕೊಡ್ತಾರೆ, ಹಬ್ಬ ಮುಗಿದ ಮೇಲೆ ಬಂದ್ರೆ?’ ಉತ್ತರ ಗೊತ್ತಿಲ್ಲದೆ ನಾವು ಕರಪತ್ರ ಕೊಟ್ಟು ಜಾರಿಕೊಳ್ಳುತ್ತಿದ್ದೆವು. ಪ್ರಣಾಳಿಕೆಯ ಭರವಸೆ ಲಂಚವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆದರೆ ಅದೇ ತೀರ್ಪಿನ ನಂತರ, ಭರವಸೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನೂ ಪಕ್ಷಗಳು ತಿಳಿಸಬೇಕು ಅಂತ ಚುನಾವಣಾ ಆಯೋಗ ನೀತಿಸಂಹಿತೆಯಲ್ಲಿ ಸೇರಿಸಿತು. ಇದೆಲ್ಲ ನನಗೆ ಗೊತ್ತಾಗಿದ್ದು ಪರೀಕ್ಷೆಗೆ ಓದಿ ಅಲ್ಲ, ಆ ಹೆಂಗಸರ ಮುಂದೆ ಬೆಪ್ಪಾಗಿ ನಿಂತ ಮೇಲೆ ಹುಡುಕಿ ಓದಿದ್ದು.

ಮೆರವಣಿಗೆ, ಹಾರ, ದೋಸೆ ಎಲ್ಲ ಹೊರಗಿನ ಪ್ರಚಾರ. ಒಳಗಿನ ಪ್ರಚಾರ ನನ್ನ ಕೈಯಲ್ಲಿದ್ದ ಪುಸ್ತಕದ್ದು. ಒಂದು ಪಕ್ಷದಲ್ಲಿ ಅದನ್ನು ಮಾಡುವವರಿಗೆ ಪೇಜ್ ಪ್ರಮುಖ್ ಅನ್ನುತ್ತಾರೆ, ಇನ್ನೊಂದರಲ್ಲಿ ಬೂತ್ ಕಮಿಟಿ ಅನ್ನುತ್ತಾರೆ. ಕೆಲಸ ಒಂದೇ. ಪ್ರತಿ ಮನೆಯವರು ಯಾರಿಗೆ ಹಾಕಬಹುದು ಅಂತ ಊಹಿಸಿ ಗುರುತು ಹಾಕುವುದು.

ಹೇಗೆ ಊಹಿಸುತ್ತೀರಿ ಅಂತ ಕೇಳಬಹುದು. ಅಣ್ಣ ಹೇಳಿಕೊಟ್ಟಿದ್ದರು. ಮೊದಲು ಹೆಸರು ನೋಡು, ಜಾತಿ ಗೊತ್ತಾಗುತ್ತದೆ. ಆಮೇಲೆ ಗೋಡೆ ನೋಡು, ಕ್ಯಾಲೆಂಡರಲ್ಲಿ ಯಾರ ಫೋಟೊ ಇದೆ? ಕರಪತ್ರ ಕೊಟ್ಟಾಗ ಎರಡು ಕೈಯಲ್ಲಿ ತಗೊಂಡ್ರೋ, ಒಂದು ಕೈಯಲ್ಲೋ? ಕಾಫಿ ಕುಡೀರಿ ಅಂದ್ರೋ ಇಲ್ಲವೋ? ‘ಆಯ್ತು ಬಿಡಿ, ನೋಡೋಣ’ ಅಂದವರು ನೀಲಿ. ‘ನಿಮಗೇ ಹಾಕೋದು, ನೀವು ಬರೋದೇ ಬೇಡ’ ಅಂದವರೂ ನೀಲಿ. ‘ಅಷ್ಟು ಸಲೀಸಾಗಿ ಒಪ್ಪೋರನ್ನ ನಂಬಬಾರದು’ ಅಂತ ಅಣ್ಣನ ಸೂತ್ರ. ಹತ್ತು ದಿನದಲ್ಲಿ ನಾನು ಇದರಲ್ಲಿ ಪಳಗಿಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಗುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಬೀದಿಯನ್ನು ಮೂರು ಬಣ್ಣದಲ್ಲಿ ನೋಡುವುದು ಏನೋ ದೊಡ್ಡ ವಿದ್ಯೆ ಕಲಿತ ಹಾಗೆ ಅನಿಸುತ್ತಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಗಂಡ ತೀರಿಕೊಂಡು ಆರೇಳು ವರ್ಷ. ಬ್ಲೌಸ್ ಹೊಲಿದು ಮನೆ ನಡೆಸುತ್ತಾರೆ. ಜೊತೆಗೆ ವಯಸ್ಸಾದ ಅತ್ತೆ. ನನ್ನ ಹೈಸ್ಕೂಲ್ ಯೂನಿಫಾರಂ ಹರಿದಾಗಲೆಲ್ಲ ಹೊಲಿದುಕೊಟ್ಟವರು ಅವರೇ, ಒಂದು ಸಲವೂ ದುಡ್ಡು ತಗೊಂಡಿಲ್ಲ. ನಾವು ಹೋದಾಗ ಮಟಮಟ ಮಧ್ಯಾಹ್ನ. ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಆಮೇಲೆ, ‘ಹೋದ ಸಲ ನಿಮ್ಮೋರು ಬಂದಾಗ ಇದೇ ಕಟ್ಟೆ ಮೇಲೆ ಕೂತ್ಕೊಂಡು ಚರಂಡಿ ಮಾಡಿಸ್ತೀನಿ ಅಂದಿದ್ರು. ಮಳೆ ಬಂದ್ರೆ ಈಗಲೂ ನೀರು ಒಳಗೇ ಬರುತ್ತೆ ಕಣಪ್ಪ. ಅದೊಂದು ಕೇಳಿನೋಡು’ ಅಂದರು.

ಅಷ್ಟೇ ಅಂದಿದ್ದು. ಬೇರೆಯವರಿಗೆ ಹಾಕುತ್ತೇನೆ ಅನ್ನಲಿಲ್ಲ. ಹೊರಗೆ ಬಂದ ಮೇಲೆ ಜೊತೆಗಿದ್ದವನು, ‘ಕೆಂಪು ಹಾಕು’ ಅಂದ. ನಾನು ಎರಡು ಹೆಸರಿನ ಮುಂದೆಯೂ ಕೆಂಪು ಟಿಕ್ಕು ಹಾಕಿದೆ. ಬಾಯಲ್ಲಿ ಇನ್ನೂ ಅವರ ಮಜ್ಜಿಗೆಯ ರುಚಿ ಇತ್ತು.

ಸಂಜೆ ಮನೆಗೆ ಬಂದರೆ ಅಜ್ಜಿಗೆ ದಿನದ ವರದಿ ಒಪ್ಪಿಸಬೇಕು. ಅಜ್ಜಿ ಮೂಡಿಗೆರೆ ಕಡೆಯವರು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತಿದ್ದರಲ್ಲ, ವೀರೇಂದ್ರ ಪಾಟೀಲರ ಎದುರು ಗೆದ್ದರಲ್ಲ, ಆಗ ಅಜ್ಜಿ ಹರೆಯದಲ್ಲಿದ್ದರು. ತೋಟದ ಕೆಲಸ ಬಿಟ್ಟು ರಸ್ತೆ ಬದಿಯಲ್ಲಿ ಗಂಟೆಗಟ್ಟಲೆ ಕಾದು ನಿಂತಿದ್ದನ್ನು ಈಗಲೂ ಹೇಳುತ್ತಾರೆ. ‘ಕಾರು ಬುರ್ರಂತ ಹೋಯ್ತು. ಸೆರಗು ಕಂಡ್ತೋ ಕೈ ಕಂಡ್ತೋ ನೆನಪಿಲ್ಲ. ಧೂಳು ಮಾತ್ರ ಚೆನ್ನಾಗಿ ಕಂಡ್ತು.’ ಆವತ್ತು ನನ್ನ ಪುಸ್ತಕ ತೆರೆದು ತೋರಿಸಿದೆ. ಅಜ್ಜಿಗೆ ಓದಲು ಬರುವುದಿಲ್ಲ. ಬಣ್ಣ ಯಾಕೆ ಅಂತ ಕೇಳಿದರು. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗ ನಾವು ಅವ್ರನ್ನ ನೋಡಕ್ಕೆ ಹೋಗ್ತಿದ್ವಿ. ಈಗ ನೀವು ಬಂದು ನಮ್ಮನ್ನ ನೋಡ್ಕೊಂಡು ಹೋಗ್ತೀರಿ’ ಅಂದರು. ನಾನು ನಕ್ಕೆ. ಅಜ್ಜಿ ನಗಲಿಲ್ಲ.

ನಮ್ಮ ಕಾಲೇಜಿನ ರಾಜ್ಯಶಾಸ್ತ್ರದ ಮೇಷ್ಟ್ರು ತರಗತಿಯಲ್ಲಿ ಶಾಂತವೇರಿ ಗೋಪಾಲಗೌಡರ ಚುನಾವಣೆಯ ಬಗ್ಗೆ ಹೇಳಿದ್ದರು. 1952ರಲ್ಲಿ ಸಾಗರ-ಹೊಸನಗರದಿಂದ ನಿಂತಾಗ ಅವರ ಕೈಯಲ್ಲಿ ಕಾಸಿರಲಿಲ್ಲ. ಜನರ ಹತ್ತಿರ ವೋಟಿನ ಜೊತೆ ನೋಟನ್ನೂ ಕೇಳಿ ಗೆದ್ದವರು. ಮತದಾರನೇ ಅಭ್ಯರ್ಥಿಗೆ ದುಡ್ಡು ಕೊಡುತ್ತಿದ್ದ ಕಾಲ ನಮ್ಮ ಪಕ್ಕದ ಸೀಮೆಯಲ್ಲೇ ಇತ್ತು ಅಂದಾಗ ಕ್ಲಾಸಿನಲ್ಲಿ ಒಬ್ಬ, ‘ಸರ್, ಈಗ ರಿವರ್ಸ್ ಗೇರು’ ಅಂದಿದ್ದ. ಎಲ್ಲರೂ ಜೋರಾಗಿ ನಕ್ಕಿದ್ದೆವು.

ಆ ರಿವರ್ಸ್ ಗೇರನ್ನು ನಾನು ಕಣ್ಣಾರೆ ಕಂಡಿದ್ದು ಮೇ 8ರ ರಾತ್ರಿ. ಆವತ್ತು ಸಂಜೆ ಆರಕ್ಕೆ ಬಹಿರಂಗ ಪ್ರಚಾರ ಮುಗಿಯಿತು. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲು ಮೈಕು ಬಂದ್, ಮದ್ಯದಂಗಡಿ ಬಂದ್, ಕ್ಷೇತ್ರದ ಮತದಾರರಲ್ಲದ ಪ್ರಚಾರಕರು ಊರು ಬಿಡಬೇಕು. ಊರು ಎಷ್ಟು ನಿಶ್ಶಬ್ದವಾಯಿತೆಂದರೆ ಹದಿನೈದು ದಿನದಿಂದ ಕೇಳಿಸದಿದ್ದ ಜೀರುಂಡೆ ಸದ್ದು ಕೇಳಿಸಿತು. ರಾತ್ರಿ ಹತ್ತೂವರೆಗೆ ಅಣ್ಣನ ಫೋನು. ‘ಪುಸ್ತಕ ತಗೊಂಡು ಬಾ. ಮನೆ ತೋರಿಸಿದ್ರೆ ಸಾಕು.’

ಹೋದೆ. ಹೋಗಬಾರದಿತ್ತು, ಹೋದೆ. ನನಗೆ ಬರಬೇಕಿದ್ದ ಎಂಟು ದಿನದ ಸಂಬಳ ಬಾಕಿ ಇತ್ತು ಅನ್ನುವುದು ಒಂದು ಕಾರಣ. ನನ್ನ ಪುಸ್ತಕ ಅಷ್ಟು ಮುಖ್ಯ ಅಂತ ಅನಿಸಿದ್ದು ಇನ್ನೊಂದು ಕಾರಣ. ಇಬ್ಬರು ಅಪರಿಚಿತರು ಕವರುಗಳನ್ನು ಹಿಡಿದಿದ್ದರು. ಹಸಿರು ಮನೆಗೂ ಕೊಟ್ಟರು, ನೀಲಿ ಮನೆಗೂ ಕೊಟ್ಟರು. ಕೆಂಪು ಮನೆ ಬಂದಾಗ ಟಾರ್ಚ್ ಆರಿಸಿ ಮುಂದೆ ನಡೆದರು. ಕೆಲವು ಮನೆಗಳಲ್ಲಿ ದೇವರ ಫೋಟೊ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ಒಬ್ಬ ಮುದುಕರಿಗೆ ‘ಯಾವ ಬಟನ್ ಒತ್ತಿದ್ರಿ ಅಂತ ನಮಗೆ ಗೊತ್ತಾಗುತ್ತೆ’ ಅಂತ ಮೆಲ್ಲಗೆ ಹೇಳಿದರು. ಅದು ಶುದ್ಧ ಸುಳ್ಳು. ಆದರೆ ಆ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ.

ಆಮೇಲೆ ನಮ್ಮ ಮನೆ ಬಂತು. ಪುಟ ತಿರುಗಿಸಿದೆ. ನಮ್ಮ ಮನೆಯ ನಾಲ್ಕೂ ಹೆಸರಿನ ಮುಂದೆ ಯಾರೋ ನೀಲಿ ಹಾಕಿದ್ದರು. ನನ್ನ ಹೆಸರಿಗೂ! ಹದಿನೈದು ದಿನ ಬಾವುಟ ಹಿಡಿದವನೂ ಅವರಿಗೆ ಡೌಟು. ಅಮ್ಮ ಬಾಗಿಲು ತೆಗೆದರು. ನನ್ನನ್ನು ನೋಡಿದರು, ಕವರು ನೋಡಿದರು. ತಗೊಂಡು ಒಳಗೆ ಹೋದರು. ಅಮ್ಮ ಬೇಡ ಅನ್ನುತ್ತಾರೆ ಅಂತ ನಾನು ಯಾಕೆ ಅಂದುಕೊಂಡಿದ್ದೆನೋ ಗೊತ್ತಿಲ್ಲ. ಮಾರನೆಯ ದಿನ ಅದೇ ದುಡ್ಡಲ್ಲಿ ಸಿಲಿಂಡರ್ ಬಂತು, ಅಜ್ಜಿಯ ಬಿ.ಪಿ. ಮಾತ್ರೆ ಬಂತು. ‘ಅವರಪ್ಪನ ಮನೆ ದುಡ್ಡಾ? ನಮ್ದೇ ದುಡ್ಡು’ ಎಂದರು ಅಪ್ಪ. ನಾನು ಏನೂ ಅನ್ನಲಿಲ್ಲ. ಕೊಡುವುದೂ ಅಪರಾಧ, ತಗೊಳ್ಳುವುದೂ ಅಪರಾಧ, ಇವೆರಡಕ್ಕೂ ದಾರಿ ತೋರಿಸಿದವನು ನಾನು. ಅಮ್ಮನಿಗೆ ಬುದ್ಧಿ ಹೇಳುವ ಯೋಗ್ಯತೆ ಎಲ್ಲಿತ್ತು?

ಮೇ 9ರ ಬೆಳಿಗ್ಗೆ ಕೊನೆಮನೆ ಅಕ್ಕ ನಮ್ಮ ಬಾಗಿಲಿಗೆ ಬಂದರು. ಅಮ್ಮನ ಬ್ಲೌಸ್ ಕೊಡುವ ನೆಪ. ಕೊಟ್ಟ ಮೇಲೂ ನಿಂತೇ ಇದ್ದರು. ಕೊನೆಗೆ ನನ್ನನ್ನು ಕೇಳಿದರು.

‘ರಾತ್ರಿ ಎಲ್ಲರ ಮನೆಗೂ ಬಂದಿದ್ರಂತೆ. ನಮ್ಮನೆ ಯಾಕೆ ಬಿಟ್ರಿ?’

ನಾನು ನೆಲ ನೋಡಿದೆ.

‘ದುಡ್ಡಿಗೆ ಕೇಳ್ತಿಲ್ಲ ಕಣೋ. ತಂದಿದ್ರೆ ವಾಪಸ್ ಕೊಡ್ತಿದ್ದೆ. ನಮ್ಮನ್ನ ಯಾವ ಲೆಕ್ಕಕ್ಕೆ ಸೇರಿಸಿದ್ರಿ ಅಂತ ಕೇಳ್ತಿದೀನಿ. ಅತ್ತೆ ಪಿಂಚಣಿ ನಾಲ್ಕು ತಿಂಗಳಿಂದ ಬಂದಿಲ್ಲ. ಎಲೆಕ್ಷನ್ ಮುಗೀಲಿ ಮಾಡಿಸ್ಕೊಡ್ತೀನಿ ಅಂತ ನಿಮ್ಮಣ್ಣ ಹೇಳವ್ರೆ. ಈಗ ಏನಂದ್ಕೊಂಡ್ರೋ ಏನೋ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ಹದಿನೈದು ದಿನ ನಾನು ಕಲಿತ ವಿದ್ಯೆ ಏನು ಅಂತ ನನಗೆ ಅರ್ಥವಾಗಿದ್ದು ಆಗ. ಒಂದು ಟಿಕ್ಕಿನಿಂದ ಒಬ್ಬರು ರಾತ್ರಿಯೆಲ್ಲ ನಿದ್ದೆಗೆಡಬಹುದು ಅಂತ ಅಣ್ಣ ಹೇಳಿಕೊಟ್ಟಿರಲಿಲ್ಲ.

ಮರುದಿನ ನಾನು ಮೊದಲ ಸಲ ವೋಟು ಹಾಕಿದೆ. ನಾನು ಓದಿದ ಪ್ರೈಮರಿ ಸ್ಕೂಲೇ ಮತಗಟ್ಟೆ. ಮೊದಲನೆಯ ಅಧಿಕಾರಿ ಹೆಸರು ಕೂಗಿದರು, ಏಜೆಂಟರು ಟಿಕ್ಕು ಹಾಕಿಕೊಂಡರು. ಎರಡನೆಯವರು ಸಹಿ ಹಾಕಿಸಿಕೊಂಡು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿದರು. ನಮ್ಮ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯದೇ ಶಾಯಿ, 1962ರಿಂದ ದೇಶದ ಚುನಾವಣೆಗಳಿಗೆಲ್ಲ ಅಲ್ಲಿಂದಲೇ ಹೋಗುತ್ತದೆ. ಮೂರನೆಯವರು ಚೀಟಿ ಇಸಿದುಕೊಂಡು ಯಂತ್ರ ಚಾಲೂ ಮಾಡಿದರು. ರಟ್ಟಿನ ಮರೆಯ ಹಿಂದೆ ಹೋದೆ. ಬಟನ್ ಒತ್ತಿದೆ. ಪಕ್ಕದ ವಿವಿಪ್ಯಾಟ್ ಕಿಂಡಿಯಲ್ಲಿ ನಾನು ಒತ್ತಿದ ಗುರುತಿನ ಚೀಟಿ ಏಳು ಸೆಕೆಂಡ್ ಕಂಡು, ಕತ್ತರಿಸಿಕೊಂಡು ಡಬ್ಬದೊಳಗೆ ಬಿತ್ತು. ಅದರಲ್ಲಿ ನನ್ನ ಹೆಸರಿಲ್ಲ. ಯಂತ್ರಕ್ಕೆ ನಾನು ಯಾರೆಂದು ಗೊತ್ತಿಲ್ಲ. ಇನ್ನೂರು ಮೀಟರ್ ಆಚೆ ಟೇಬಲ್ ಹಾಕಿಕೊಂಡು ಕೂತವರಿಗೆ ನನ್ನ ಜಾತಿ, ನನ್ನಪ್ಪನ ಸಾಲ, ನನ್ನ ಮನೆಯ ಕ್ಯಾಲೆಂಡರ್ ಎಲ್ಲ ಗೊತ್ತು. ಈ ರಟ್ಟಿನ ಮರೆಯ ಹಿಂದೆ ಮಾತ್ರ ಯಾರಿಗೂ ಏನೂ ಗೊತ್ತಿಲ್ಲ. ಆ ಏಳು ಸೆಕೆಂಡ್ ನನಗೆ ಎಷ್ಟು ಹಾಯೆನಿಸಿತು ಅಂತ ಹೇಳಲಾರೆ. ಯಾರಿಗೆ ಹಾಕಿದೆ ಅಂತ ಮನೆಯಲ್ಲೂ ಹೇಳಿಲ್ಲ.

ನಮ್ಮ ಅಭ್ಯರ್ಥಿ ಗೆದ್ದರು. ಪಟಾಕಿ, ಗುಲಾಲು ಎಲ್ಲ ಆಯಿತು. ನಾಲ್ಕೈದು ದಿನ ಬಿಟ್ಟು ಬಾಕಿ ಸಂಬಳ ಕೇಳಲು ಅಣ್ಣನ ಆಫೀಸಿಗೆ ಹೋದೆ. ಹೊರಗೆ ಬೆಂಚಿನ ಮೇಲೆ ಜನ ಕೂತಿದ್ದರು. ಕೊನೆಮನೆ ಅಕ್ಕನೂ ಇದ್ದರು, ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರ. ಒಳಗೆ ಹೋದರೆ ಮೇಜಿನ ಮೇಲೆ ನನ್ನ ಪುಸ್ತಕ. ರಟ್ಟು ಸವೆದಿತ್ತು. ಎಲೆಕ್ಷನ್ ಮುಗಿದ ಮೇಲೆ ಅದನ್ನು ರದ್ದಿಗೆ ಹಾಕಿರುತ್ತಾರೆ ಅಂದುಕೊಂಡಿದ್ದೆ. ಹುಡುಗನೊಬ್ಬ ಬಂದು ಅಕ್ಕನ ವಿಷಯ ಹೇಳಿದ. ಅಣ್ಣ ಪುಟ ತಿರುವಿದರು. ಬೆರಳು ಇಳಿಯುತ್ತಾ ಬಂದು ನಿಂತಿತು.

‘ಕೆಂಪು. ಆಮೇಲೆ ನೋಡೋಣ ಅನ್ನು.’

‘ಅಣ್ಣ, ಅದು ನಾನು ಹಾಕಿದ್ದು. ತಪ್ಪಾಗಿ ಹಾಕಿಬಿಟ್ಟೆ. ಅವ್ರು ಚರಂಡಿ ವಿಷಯ ಕೇಳಿದ್ರು ಅಷ್ಟೇ’ ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅಣ್ಣ ನಕ್ಕರು. ‘ತಪ್ಪೋ ಸರಿಯೋ, ನಿಮ್ಮ ಬೂತಲ್ಲಿ ನಮಗೆ ಲೀಡು ಬಂದಿಲ್ಲ. ಯಾರೋ ಕೈ ಕೊಟ್ಟಿದ್ದಾರಲ್ಲ?’

ಇದು ಹೇಗೆ ಗೊತ್ತಾಗುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ಒಬ್ಬೊಬ್ಬರ ವೋಟು ಗುಟ್ಟು, ಆದರೆ ಬೂತಿನ ವೋಟು ಗುಟ್ಟಲ್ಲ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಫಾರಂ 20ರಲ್ಲಿ ಪ್ರಕಟವಾಗುತ್ತದೆ. ಒಂಬೈನೂರು ಜನರ ಬೂತಿನ ಲೆಕ್ಕವನ್ನು ಇಂಥದ್ದೊಂದು ಪುಸ್ತಕದ ಪಕ್ಕ ಇಟ್ಟರೆ ಮುಗಿಯಿತು, ಸಂಶಯ ಯಾವ ಮನೆಯ ಮೇಲೆ ಬೇಕಾದರೂ ಬೀಳಬಹುದು. ಮತಪತ್ರದ ಕಾಲದಲ್ಲಿ ಹಲವು ಪೆಟ್ಟಿಗೆಗಳ ಮತ ಬೆರೆಸಿ ಎಣಿಸುವ ಅವಕಾಶ ಇತ್ತು. ಮತಯಂತ್ರಗಳಿಗೂ ಹಾಗೆ ಹಲವು ಬೂತುಗಳ ಮತವನ್ನು ಒಟ್ಟಿಗೆ ಎಣಿಸುವ ‘ಟೋಟಲೈಸರ್’ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾವ ಕಳಿಸಿತ್ತು. ಕಾನೂನು ಆಯೋಗವೂ 2015ರಲ್ಲಿ ಅದನ್ನು ಬೆಂಬಲಿಸಿತು. ಅದು ಜಾರಿಗೆ ಬಂದಿಲ್ಲ. ಚುನಾವಣಾ ಸುಧಾರಣೆ ಅಂದರೆ ದುಡ್ಡು, ಹೆಂಡ ಅಂತ ಎಲ್ಲರೂ ಮಾತಾಡುತ್ತಾರೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಉಡುಗೊರೆಗಳೆಲ್ಲ ಸೇರಿ 375 ಕೋಟಿ ರೂಪಾಯಿ ದಾಟಿತ್ತು, ಮಾತಾಡಲೇಬೇಕು. ಆದರೆ ಈ ಪುಸ್ತಕದ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಸಂಬಳ ಕೇಳದೆ ಹೊರಗೆ ಬಂದೆ. ಅಕ್ಕನ ಪಕ್ಕ ಕೂತೆ. ‘ಅಕ್ಕ, ಇಲ್ಲಿ ಕಾಯೋದು ಬೇಡ, ನಾಡಕಚೇರಿಗೆ ಹೋಗೋಣ’ ಅಂದೆ. ನಡೆದುಕೊಂಡೇ ಹೋದೆವು. ದಾರಿಯಲ್ಲಿ ಎಲ್ಲ ಹೇಳಿಬಿಟ್ಟೆ. ಮೂರು ಪೆನ್ನು, ಮಜ್ಜಿಗೆ, ಕೆಂಪು ಟಿಕ್ಕು, ಎಲ್ಲ. ಅವರು ಮಾತಾಡಲಿಲ್ಲ. ನಾಡಕಚೇರಿಯಲ್ಲಿ ಸಿಬ್ಬಂದಿ ಕಂಪ್ಯೂಟರ್ ನೋಡಿ, ‘ಅಜ್ಜಿ ಖಾತೆಗೆ ಆಧಾರ್ ಜೋಡಣೆ ಆಗಿಲ್ಲಮ್ಮ, ಅದಕ್ಕೇ ನಿಂತಿದೆ. ಬ್ಯಾಂಕಿಗೆ ಹೋಗಿ ಲಿಂಕ್ ಮಾಡಿಸಿ, ಇಲ್ಲೊಂದು ಜೆರಾಕ್ಸ್ ಕೊಡಿ’ ಅಂದರು. ಹತ್ತು ನಿಮಿಷದ ಮಾತು. ಅದಕ್ಕೆ ನಾಲ್ಕು ತಿಂಗಳಿಂದ ಒಬ್ಬರ ಕಟ್ಟೆ ಕಾಯುತ್ತಿದ್ದರು. ಹಕ್ಕಾಗಿ ಬರಬೇಕಾದ ಸಂಧ್ಯಾ ಸುರಕ್ಷಾ ಪಿಂಚಣಿ ಯಾರೋ ಅಣ್ಣನ ಜೇಬಿನಿಂದ ಬರುತ್ತದೆ ಅಂತ ನಂಬಿಸುವುದೂ ಒಂದು ಪ್ರಚಾರವೇ. ಅದು ಐದು ವರ್ಷವೂ ನಡೆಯುತ್ತದೆ, ಅದಕ್ಕೆ ಮೈಕು ಬೇಡ.

ಎರಡು ತಿಂಗಳ ನಂತರ ಪಿಂಚಣಿ ಬಂತು. ಅಕ್ಕ ಅಮ್ಮನ ಕೈಯಲ್ಲಿ ಹೋಳಿಗೆ ಕಳಿಸಿದ್ದರು. ನಾನು ಪಾತ್ರೆ ವಾಪಸ್ ಕೊಡಲು ಹೋದಾಗ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದರು, ‘ಅಲ್ವೋ, ಆವತ್ತು ನಾನು ಯಾರಿಗೆ ಹಾಕ್ತೀನಿ ಅಂತ ನೀನು ಬರ್ಕೊಂಡ್ಯಲ್ಲ, ನಿಜವಾಗ್ಲೂ ಯಾರಿಗೆ ಹಾಕ್ದೆ ಅಂತ ಗೊತ್ತಾ?’

‘ಯಾರಿಗೆ ಅಕ್ಕ?’

‘ಹೇಳಲ್ಲ ಹೋಗು’ ಅಂತ ಮತ್ತೆ ಮಿಷನ್ ತುಳಿಯತೊಡಗಿದರು. ನಗುತ್ತಿದ್ದರು. ನನಗೆ ಕ್ಷಮೆ ಸಿಕ್ಕಿತು ಅಂತ ಅಂದುಕೊಂಡಿದ್ದೇನೆ.

2024ರ ಲೋಕಸಭಾ ಚುನಾವಣೆಗೆ ಮತ್ತೆ ಫೋನು ಬಂತು. ‘ಈ ಸಲ ಎಂಟ್ನೂರು. ನಿನಗೆ ಬೀದಿಯೆಲ್ಲ ಗೊತ್ತಲ್ಲ.’ ಬರಲ್ಲ ಅಣ್ಣ ಅಂದೆ. ಫೀಸಿನ ಕಷ್ಟ ಆಗಲೂ ಇತ್ತು, ಸಂಜೆ ಹೊತ್ತು ಒಂದು ಅಂಗಡಿಯ ಲೆಕ್ಕ ಬರೆದು ಸರಿದೂಗಿಸಿದೆ. ಕಾಲೇಜಿನ ಚುನಾವಣಾ ಸಾಕ್ಷರತಾ ಕ್ಲಬ್‌ನಲ್ಲಿ ಸೇರಿಕೊಂಡು ಹದಿನೆಂಟು ತುಂಬಿದವರಿಗೆ ಫಾರಂ 6 ತುಂಬಿಕೊಟ್ಟೆ. ಈಗ ವರ್ಷಕ್ಕೊಂದೇ ಸಲ ಅಲ್ಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖಿಗೆ ಹದಿನೆಂಟಾದವರು ಸೇರಬಹುದು ಅಂತ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ಗೆಳೆಯರೇ, ಪ್ರಚಾರಕ್ಕೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ನಿಮಗೆ ನಂಬಿಕೆಯಿರುವ ಪಕ್ಷಕ್ಕೆ ಬಿಸಿಲಲ್ಲಿ ನಡೆದು, ಬಾಗಿಲು ತಟ್ಟಿ, ಕೈ ಮುಗಿದು ವೋಟು ಕೇಳುವುದು ಒಳ್ಳೆಯ ಕೆಲಸ. ದೊಡ್ಡ ದೊಡ್ಡವರು ನಮ್ಮಂಥವರ ಬಾಗಿಲಿಗೆ ಬಂದು ನಿಲ್ಲುವುದು ಆಗ ಮಾತ್ರ. ಆದರೆ ಯಾರಾದರೂ ನಿಮ್ಮ ಕೈಗೆ ಬಣ್ಣದ ಪೆನ್ನು ಕೊಟ್ಟರೆ ಒಂದು ಸಲ ಯೋಚಿಸಿ. ಆ ಪಟ್ಟಿಯಲ್ಲಿರುವುದು ವೋಟುಗಳಲ್ಲ, ನಿಮ್ಮ ಬೀದಿಯ ಜನ. ಇನ್ನು ನಿಮ್ಮ ಮನೆಗೆ ಯಾರಾದರೂ ಬಂದು ಹೋದ ಮೇಲೆ ಗೇಟಿನ ಹತ್ತಿರ ನಿಂತು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರೆ, ಸುಮ್ಮನೆ ಹೋಗಿ ಕೇಳಿ, ‘ಯಾವ ಬಣ್ಣ ಹಾಕಿದ್ರಿ?’ ಅಂತ. ನನ್ನನ್ನು ಆವತ್ತು ಯಾರಾದರೂ ಹಾಗೆ ಕೇಳಿದ್ದರೆ, ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲವೇನೋ.